ಪೋಕರ್ ಕಲಿಯೋಕೆ ಆ್ಯಪ್, ವಿಡಿಯೋ, ಹುಣಸೆ ಬೀಜ: ಮೂರನ್ನೂ ನೋಡಿದೆ

ಯುಗಾದಿಗೆ ಊರಿಗೆ ಹೋಗಿ ಇಸ್ಪೀಟು ಮುಟ್ಟದೆ ವಾಪಸ್ ಬಂದವನಲ್ಲ ನಾನು. ಮೂರೆಲೆ ಬರುತ್ತೆ, ಪೋಕರ್ ಏನು ಮಹಾ ಅಂದುಕೊಂಡಿದ್ದೆ. ಮೂರೆಲೆ ಗೊತ್ತಿದ್ದದ್ದೇ ತೊಂದರೆಯಾಯಿತು. ಅಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಇಲ್ಲಿ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಪಣ.

ನಾನು ಹಿಡಿದದ್ದು ಟೆಕ್ಸಾಸ್ ಹೋಲ್ಡೆಮ್. ಕೈಯಲ್ಲಿ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ, ಏಳರಲ್ಲಿ ಒಳ್ಳೆಯ ಐದು. ದುಡ್ಡಿಟ್ಟು ಆನ್‌ಲೈನ್ ಆಡುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಹಾಗಾಗಿ ಆ ದಾರಿಯ ಮಾತೇ ಇಲ್ಲ. ಉಳಿದದ್ದು ಮೂರು. ಒಂದೊಂದಕ್ಕೂ ಸುಮಾರು ಒಂದು ತಿಂಗಳು ಕೊಟ್ಟೆ.

ಮೊದಲು ಬಿಟ್ಟಿ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆ, ಕೊಡುವ ಆ್ಯಪ್. ಕಲೆಸುವ, ಹಂಚುವ ರಗಳೆ ಇಲ್ಲ, ಆಟ ಸರಸರ ಸಾಗುತ್ತೆ. ಮೂರೇ ದಿನದಲ್ಲಿ ಎಲ್ಲ ಬಂತು ಅನ್ನಿಸಿತು. ಆದರೆ ಚಿಪ್ಸ್ ಖಾಲಿಯಾದರೆ ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತೆ. ಕಳೆದುಕೊಳ್ಳೋಕೆ ಏನೂ ಇಲ್ಲದವನನ್ನು ಬ್ಲಫ್ ಮಾಡಿ ಹೆದರಿಸುವುದು ಹೇಗೆ? ಏಳು-ಎರಡರಂಥ ದಂಡದ ಎಲೆ ಹಿಡಿದವನೂ ಇದ್ದದ್ದೆಲ್ಲ ಪಣಕ್ಕಿಟ್ಟು ಆಲ್-ಇನ್ ಅಂತಾನೆ. ಸುಳ್ಳೇಕೆ, ನಾನೂ ಅಂದಿದ್ದೇನೆ.

ವಿಡಿಯೋ ನೋಡಿ ರೇಂಜ್ (ಎದುರಾಳಿಯ ಕೈಯಲ್ಲಿರಬಹುದಾದ ಎಲೆಗಳು), ಪೊಸಿಷನ್ (ಆಡುವ ಸರದಿ ಮೊದಲೋ ಕೊನೆಯೋ) ಅನ್ನುವ ಮಾತುಗಳು ಬಾಯಿಗೆ ಬಂದವು. ಅಲ್ಲಿ ತೋರಿಸುವುದು ದೊಡ್ಡ ಆಟಗಳನ್ನೇ. ಕೈಗೆ ಎರಡೂ ಎಕ್ಕ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ. ನಾನು ನೋಡಿದ ಒಂದು ವಿಡಿಯೋದಲ್ಲಿ ಕಾಫಿ ಮುಗಿಯುವಷ್ಟರಲ್ಲಿ ಎರಡು ಸಲ ಬಂತು! ಸುಮ್ನೆ ಎಲೆ ಬಿಸಾಕಿ ಕೂತಿರುವ ಆ ಉದ್ದದ ಹೊತ್ತನ್ನು ಯಾರೂ ತೋರಿಸುವುದಿಲ್ಲ.

ಮೂರನೆಯದು ಅಣ್ಣನ ಮನೆಯ ಊಟದ ಮೇಜು. ಐದು ಜನ, ತಲಾ 50 ಹುಣಸೆ ಬೀಜ, ಕಡಿಮೆ ಉಳಿದವರು ತಟ್ಟೆ ತೊಳೆಯಬೇಕು. ಮೊದಲ ರಾತ್ರಿಯೇ ನನಗೆ ಐದರಿಂದ ಒಂಬತ್ತರವರೆಗೆ ಸೀಕ್ವೆನ್ಸ್ ಬಿತ್ತು. ಎಲೆ ತೋರಿಸಿ ಎರಡೂ ಕೈಯಲ್ಲಿ ಬೀಜ ಬಾಚಿಕೊಳ್ಳುತ್ತಿದ್ದೆ. ಅತ್ತಿಗೆ ತಣ್ಣಗೆ ಎರಡು ಆಟೀನು ಇಟ್ಟರು. ನಡುವೆ ಆಗಲೇ ಮೂರು ಆಟೀನು ಇದ್ದವು. ಐದೂ ಒಂದೇ ಜಾತಿ, ಅಂದರೆ ಕಲರ್.

"ಸೀಕ್ವೆನ್ಸ್ ಮುಂದೆ ಕಲರ್ ಯಾವ ಲೆಕ್ಕ ಅತ್ತಿಗೆ?"

"ಇದು ಮೂರೆಲೆ ಅಲ್ಲ ಕಣಪ್ಪ. ಬೀಜ ಈ ಕಡೆ ತಳ್ಳು."

ಅವರು ಹೇಳಿದ್ದೇ ಸರಿ. ಮೂರೆಲೆಯಲ್ಲಿ ಸೀಕ್ವೆನ್ಸ್ ಬರುವ ಬಗೆ 720, ಕಲರ್ 1,096. ಅಪರೂಪದ್ದು ಸೀಕ್ವೆನ್ಸ್, ಅದಕ್ಕೇ ಅದು ದೊಡ್ಡದು. ಐದೆಲೆಗೆ ಬಂದರೆ ಸೀಕ್ವೆನ್ಸ್ 10,200, ಕಲರ್ 5,108. ಲೆಕ್ಕ ತಿರುಗುಮುರುಗು. ಆ್ಯಪ್‌ನಲ್ಲಿ ಇದು ಯಾಕೆ ತಿಳಿಯಲಿಲ್ಲ? ಗೆದ್ದವರು ಯಾರು ಅಂತ ಅದೇ ಹೇಳುತ್ತಿತ್ತು, ನಾನು ಎಲೆ ನೋಡುತ್ತಲೇ ಇರಲಿಲ್ಲ.

ಮನೆಯಾಟ ನಿಧಾನ, ನಿಜ. ಅಣ್ಣ ಹಂಚುವುದಕ್ಕಿಂತ ಹರಟುವುದೇ ಜಾಸ್ತಿ. ಆದರೂ ಎಲೆ ಕೆಳಗಿಡುವುದನ್ನು, ಅಂದರೆ ಫೋಲ್ಡ್ ಮಾಡುವುದನ್ನು ಕಲಿತದ್ದು ಅಲ್ಲೇ. ಇನ್ನೊಂದು ರಾತ್ರಿ ನನ್ನ ಬಳಿ ಉಳಿದಿದ್ದು 22 ಬೀಜ. ನಾಲ್ಕು ಆಟೀನು ಸೇರಿದ್ದವು, ಇನ್ನೊಂದು ಬಂದರೆ ಕಲರ್, ಬರಬೇಕಾದ್ದು ಒಂದೇ ಎಲೆ. ನಡುವೆ 30 ಬೀಜ ಇತ್ತು, ಅತ್ತಿಗೆ 15 ಹಾಕಿದರು. 45 ಗೆಲ್ಲಲು ನಾನು 15 ಕೊಡಬೇಕು. ನಾಲ್ಕು ಸಲಕ್ಕೆ ಒಮ್ಮೆಯಾದರೂ ಗೆದ್ದರೆ ಮಾತ್ರ ಅಸಲು. ನಾನು ಕಾಣದ ಎಲೆ 46, ಅದರಲ್ಲಿ ಆಟೀನು 9. ಐದು ಸಲಕ್ಕೆ ಒಮ್ಮೆ ಅನ್ನಿ. ಆ್ಯಪ್‌ನಲ್ಲಾಗಿದ್ದರೆ ಕಣ್ಣು ಮುಚ್ಚಿ ಹಾಕುತ್ತಿದ್ದೆ. ಇಲ್ಲಿ ಬೀಜ ಎಣಿಸಿದೆ, ಸಿಂಕ್ ಕಡೆ ನೋಡಿದೆ, ಎಲೆ ಇಟ್ಟುಬಿಟ್ಟೆ.

ವಿಡಿಯೋ ಈಗಲೂ ನೋಡುತ್ತೇನೆ, ಶನಿವಾರದ ಆಟದಲ್ಲಿ ಎಡವಿದ ಜಾಗ ಹುಡುಕಿಕೊಂಡು. ಆ್ಯಪ್ ತೆಗೆದುಹಾಕಿದೆ. ಅಂದಹಾಗೆ, ಆ ರಾತ್ರಿ ಕೊನೆಯ ಎಲೆಯೇನೋ ಆಟೀನೇ ಬಿತ್ತು. ತಟ್ಟೆಯನ್ನೂ ನಾನೇ ತೊಳೆದೆ.