ಫಿಲೋಮಿನಾ ಚರ್ಚಿಗೆ ನಾಲ್ಕು ಸ್ಟಾರು, ಅಣ್ಣನ ಲೆಕ್ಕ ಬೇರೆ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಬಗ್ಗೆ ಬರೆಯೋರೆಲ್ಲ 175 ಅಡಿಯ ಜೋಡಿ ಗೋಪುರದಿಂದಲೇ ಶುರು ಮಾಡ್ತಾರೆ. ನಾನು ಬೆಂಚಿನಿಂದ ಶುರು ಮಾಡ್ತೀನಿ. ಅಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಯಾರೂ ಎದ್ದು ಹೋಗು ಅನ್ನಲಿಲ್ಲ, ಯಾಕೆ ಅಳ್ತಿದ್ದೀಯ ಅಂತಲೂ ಕೇಳಲಿಲ್ಲ.

ಮಂಡ್ಯದಲ್ಲಿ ಬ್ಲೌಸ್ ಹೊಲಿಯೋ ಪುಟ್ಟ ಅಂಗಡಿ ನನ್ನದು. ಎಂಟು ವರ್ಷದಿಂದ ಅಣ್ಣನ ಹತ್ತಿರ ಮಾತಿಲ್ಲ. ಅಪ್ಪ ತೀರಿಕೊಂಡ ತಿಂಗಳಿಗೆ ಚರ್ಚಿನಲ್ಲಿ ಮಾಡಿಸೋ ಪೂಜೆ ಮುಗಿದ ಸಂಜೆ, ಖಾತೆ ಬದಲಾಯಿಸೋಕೆ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಅಣ್ಣ ತಾನೆ, ಓದದೇ ಹಾಕಿದೆ. ಊರಿನ ಮನೆ ಹೋಯ್ತು. ಅದು ಹೋದದ್ದಕ್ಕಿಂತ, ‘ಅವಳೇ ದುಡ್ಡು ತಗೊಂಡು ಬಿಟ್ಟುಕೊಟ್ಟಳು’ ಅಂತ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದನಲ್ಲ, ಅದು ಕಣ್ರೀ ಸುಟ್ಟದ್ದು.

ಮೊದಲು ಯಾರೋ ಕರೆದರು ಅಂತ ಒಂದು ಗುಣಪಡಿಸುವ ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಯಾವುದು ಅಂತ ಹೇಳಲ್ಲ. ಸ್ಪೀಕರ್ ಪಕ್ಕ ಜಾಗ ಸಿಕ್ಕಿತ್ತು, ತಲೆ ಸಿಡಿದು ಹೋಯ್ತು. ‘ಈಗಲೇ ಕ್ಷಮಿಸಿ, ಇಲ್ಲಿಂದಲೇ ಫೋನ್ ಮಾಡಿ’ ಅಂದರು. ಮಾಡಿದೆ. ನನ್ನ ದನಿ ಕೇಳಿ ಅಣ್ಣ ಕಟ್ ಮಾಡಿದ. ಸುತ್ತಲೂ ಹಲ್ಲೆಲೂಯ, ನಡುವೆ ನಾನು ಫೋನ್ ಹಿಡಕೊಂಡು ನಿಂತಿದ್ದೆ. ಆಮೇಲೆ ಎರಡು ತಿಂಗಳು ಜಪಸರ ಮುಟ್ಟಲಿಲ್ಲ.

ಅಶೋಕ ರಸ್ತೆಯ ಈ ಚರ್ಚಿಗೆ ಬಂದದ್ದು ನೂಲು, ಲೈನಿಂಗ್ ಬಟ್ಟೆ ತರೋಕೆ ಮೈಸೂರಿಗೆ ಹೋದ ದಿನ. ಬಿಸಿಲಿತ್ತು, ಒಳಗೆ ತಂಪಿತ್ತು, ಅಷ್ಟೇ ಕಾರಣ. 1843ರಲ್ಲಿ ಮುಮ್ಮಡಿಯವರ ಕಾಲದಲ್ಲಿ ಕಟ್ಟಿದ್ದ ಹಳೇ ಚರ್ಚಿನ ಜಾಗದಲ್ಲಿ, 1933ರಲ್ಲಿ ನಾಲ್ವಡಿಯವರು ಇದಕ್ಕೆ ಅಡಿಗಲ್ಲು ಇಟ್ಟರು. ಕಟ್ಟಡದ ನಕ್ಷೆಯೇ ಶಿಲುಬೆಯ ಆಕಾರ. ಕಣ್ಣು ಬಣ್ಣದ ಗಾಜಿನ ಕಿಟಕಿಗಳ ಮೇಲೆ ಓಡಾಡಿ, ಯೇಸು ಶಿಲುಬೆಯ ಮೇಲಿರೋ ಚಿತ್ರದ ಹತ್ತಿರ ನಿಂತಿತು.

ಚಿಕ್ಕಂದಿನಿಂದ ಕೇಳಿದ ಮಾತು ಅವತ್ತು ಬೇರೆ ಥರ ಕೇಳಿಸಿತು. ಮೊಳೆ ಹೊಡೆದವರಿಗೆ ‘ನಾನು ಕ್ಷಮಿಸಿದ್ದೀನಿ’ ಅಂತ ಯೇಸು ಅಲ್ಲಿ ಹೇಳಲಿಲ್ಲ. ‘ಅವರನ್ನು ಕ್ಷಮಿಸು’ ಅಂತ ತಂದೆಯನ್ನು ಕೇಳಿಕೊಂಡರು. ನನ್ನ ಬಾಯಲ್ಲಿ ಎಂಟು ವರ್ಷ ಬರದೇ ಇದ್ದದ್ದು ಆ ಮೊದಲನೇ ಮಾತು. ಎರಡನೆಯದು ಬಂತು. ‘ನನ್ನ ಕೈಲಾಗಲ್ಲ, ನೀನೇ ಕ್ಷಮಿಸು’ ಅಂದೆ. ಸ್ವಲ್ಪ ಸಿಟ್ಟಲ್ಲೇ ಅಂದೆ ಅನ್ನಿ.

ಎರಡನೇ ಸಲ ಹೋದಾಗ ಪಾಪನಿವೇದನೆಗೆ ಮಂಡಿಯೂರಿದೆ. ಹತ್ತು ನಿಮಿಷ ಅಣ್ಣನ ಕಥೆ ಹೇಳಿದೆ. ವಯಸ್ಸಾದ ಸ್ವಾಮಿಗಳು ಪೂರ್ತಿ ಕೇಳಿ, ‘ಇಷ್ಟೂ ನಿಮ್ಮಣ್ಣನ ಪಾಪ ಆಯ್ತಮ್ಮ, ನಿಮ್ಮದು?’ ಅಂದರು. ಅಲ್ಲೇ ನಗು ಬಂತು, ನಕ್ಕು ಅತ್ತೆ. ಅವನ ಮಗಳ ಮದುವೆ ದಿನ ಮಳೆ ಬಂದು ಚಪ್ಪರ ನೆನೆಯಲಿ ಅಂತ ಹಾರೈಸಿದ್ದೆ, ಅದನ್ನು ಹೇಳಿದೆ. ಯೇಸು ಕಲಿಸಿದ ಪರಲೋಕ ಪ್ರಾರ್ಥನೆ ದಿನಕ್ಕೊಂದು, ಒಂದು ತಿಂಗಳು, ಅವನ ಹೆಸರಲ್ಲಿ, ಅಂತ ಪ್ರಾಯಶ್ಚಿತ್ತ ಕೊಟ್ಟರು. ಫೋನ್ ಮಾಡು ಅನ್ನಲಿಲ್ಲ. ಮನೆಯ ಕಾಗದದ ವಿಚಾರ ಎತ್ತಿದ್ದಕ್ಕೆ, ‘ಅದನ್ನ ವಕೀಲರನ್ನ ಕೇಳಿ, ಅದೂ ಇದೂ ಒಂದೇ ಅಲ್ಲ’ ಅಂದರು. ಈ ಒಂದು ಮಾತಿಗೇ ಎರಡು ಸ್ಟಾರು ಕೊಡಬಹುದು.

ನೆಲಮಾಳಿಗೆಗೆ ಇಳಿಯೋದು ಮರೀಬೇಡಿ. ಸಂತ ಫಿಲೋಮಿನಾಳ ಪ್ರತಿಮೆ ಅಲ್ಲಿದೆ. ಆಕೆಯ ಸಮಾಧಿ 1802ರಲ್ಲಿ ರೋಮಿನ ನೆಲದಡಿಯ ಸ್ಮಶಾನದಲ್ಲಿ ಸಿಕ್ಕಿದಾಗ, ಮುಚ್ಚಿದ್ದ ಮೂರು ಹೆಂಚುಗಳ ಮೇಲಿನ ಲ್ಯಾಟಿನ್ ಅಕ್ಷರಕ್ಕೆ ಅರ್ಥವೇ ಇರಲಿಲ್ಲವಂತೆ. ಕೊನೆಯಲ್ಲಿರಬೇಕಾದ ಹೆಂಚು ಮೊದಲಿಗೆ ಬಂದುಬಿಟ್ಟಿತ್ತು. ಜಾಗ ಬದಲಿಸಿ ಓದಿದಾಗ ‘ಫಿಲೋಮಿನಾ, ನಿನಗೆ ಶಾಂತಿ’ ಅಂತ ಆಯಿತು. ತೋಳು ತಿರುವುಮುರುವು ಹೊಲಿದು ಬಿಚ್ಚಿದ ಅಭ್ಯಾಸ ಇರೋ ನನಗೆ ಇದು ಬಲು ಹಿಡಿಸಿತು. ಆಕೆಯ ಬದುಕಿನ ಬಗ್ಗೆ ಗಟ್ಟಿ ದಾಖಲೆ ಇಲ್ಲ ಅಂತ 1961ರಲ್ಲಿ ಹಬ್ಬವನ್ನು ಕ್ಯಾಥೋಲಿಕ್ ಸಭೆಯ ಪಂಚಾಂಗದಿಂದ ತೆಗೆದರು. ಒಂದು ಕಾಗದದಿಂದ ಮನೆ ಕಳಕೊಂಡವಳಿಗೆ ಕಾಗದವೇ ಇಲ್ಲದ ಇಂಥ ಸಂತಳೇ ಸರಿ.

ಒಂದು ಸ್ಟಾರು ಕಡಿಮೆ ಮಾಡಿದ್ದು ನೋಡೋಕೆ ಬರೋ ಜನಕ್ಕೆ. ಒಳಗೆ ಫೋಟೋ ತೆಗೀಬಾರದು ಅಂದರೂ ಕದ್ದು ಕ್ಲಿಕ್ಕಿಸ್ತಾರೆ, ಪ್ರಾರ್ಥನೆ ಮಾಡೋರ ಕಿವಿ ಪಕ್ಕದಲ್ಲೇ ಹೋಟೆಲ್ ಊಟದ ಚರ್ಚೆ. ಭಾನುವಾರ ಬೇಡ. ವಾರದ ನಡುವೆ ಬೆಳಿಗ್ಗೆ ಹೋಗಿ. ಪಂಚಾಂಗದಿಂದ ತೆಗೆದರೂ ಇಲ್ಲಿ ಹಬ್ಬ ಆಗಸ್ಟ್ 11ಕ್ಕೆ, ಅವತ್ತಂತೂ ಕೂರೋಕೆ ಜಾಗ ಹುಡುಕಬೇಕು.

ಗುಣ ಆಯ್ತಾ ಅಂತ ಕೇಳಿದರೆ, ಅಣ್ಣ ಇನ್ನೂ ಮಾತಾಡಿಲ್ಲ. ಒಂದು ತಿಂಗಳ ಪ್ರಾಯಶ್ಚಿತ್ತ ಐದನೇ ತಿಂಗಳಿಗೆ ನಡೀತಿದೆ. ಆ ಪ್ರಾರ್ಥನೆಯಲ್ಲಿ ‘ನಾವು ಕ್ಷಮಿಸುವ ಪ್ರಕಾರ’ ಅನ್ನೋ ಕಡೆ ಮೊದಲೆಲ್ಲ ಗಂಟಲು ಕಟ್ಟುತ್ತಿತ್ತು, ಈಗ ಕೆಲವು ದಿನ ಸಲೀಸಾಗಿ ದಾಟಿಬಿಡ್ತೀನಿ. ಹೋದ ವಾರ ಅಳತೆ ಪುಸ್ತಕದಲ್ಲಿ ಅತ್ತಿಗೆಯ ಹಳೇ ಅಳತೆ ಸಿಕ್ಕಿತು. ಹರಿಯೋಕೆ ಹೋದವಳು, ಎದೆ ಸುತ್ತಳತೆ ಈಗ ಎರಡು ಇಂಚಾದರೂ ಜಾಸ್ತಿ ಆಗಿರುತ್ತೆ ಅಂದುಕೊಂಡು ಪುಟ ಮಗುಚಿದೆ.