ಚೇಂದಮಂಗಲಂ ಸಿನಗಾಗ್: ಪ್ರಾರ್ಥನೆ ನಿಂತರೂ ಊರಲ್ಲೇ ಉಳಿದ ಮಂದಿರ

ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ, ಪರವೂರಿಗೆ ಸಮೀಪದಲ್ಲಿರುವ ಚೇಂದಮಂಗಲಂ ಕೈಮಗ್ಗದ ಬಟ್ಟೆಗೆ ಹೆಸರಾದ ಹಳ್ಳಿ. ಅಲ್ಲಿಯ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಈಗ ವಸ್ತುಸಂಗ್ರಹಾಲಯವಾಗಿದ್ದು, ಮುಜಿರಿಸ್ ಎಂಬ ಪ್ರಾಚೀನ ಬಂದರಿನ ಹೆಸರಿನ ಪರಂಪರೆ ಯೋಜನೆಯ ತಾಣಗಳಲ್ಲಿ ಒಂದಾಗಿದೆ. ಸುಣ್ಣ ಬಳಿದ ಗೋಡೆ, ಇಳಿಜಾರಾದ ಹಂಚಿನ ಮಾಡು ಇವುಗಳನ್ನು ಹೊರಗಿನಿಂದ ಕಂಡಾಗ ನಮ್ಮ ಕರಾವಳಿಯ ಹಳೆಯ ಗುತ್ತಿನ ಮನೆಯೊಂದರ ಮುಂದೆ ನಿಂತಂತಾಗುತ್ತದೆಯೇ ಹೊರತು ಪರದೇಶದಿಂದ ಬಂದ ಮತವೊಂದರ ಮಂದಿರವೆಂದು ತಟ್ಟನೆ ಅನಿಸುವುದಿಲ್ಲ.

ಅಂಗಳದಲ್ಲಿ ನಿಲ್ಲಿಸಿರುವ ಗೋರಿಕಲ್ಲನ್ನು ಮೊದಲು ನೋಡಬೇಕು. ಇಸ್ರೇಲ್ ಎಂಬವನ ಮಗಳು ಸಾರಾಳ ಹೆಸರನ್ನು ಹೀಬ್ರೂ ಲಿಪಿಯಲ್ಲಿ ಕೆತ್ತಿರುವ ಈ ಕಲ್ಲು 1269ರದು. ಭಾರತದಲ್ಲಿ ದೊರೆತ ಹೀಬ್ರೂ ಗೋರಿಕಲ್ಲುಗಳಲ್ಲಿ ಇದೇ ಅತಿ ಹಳೆಯದೆಂದು ಪರಿಗಣಿಸಲಾಗಿದೆ.

ಒಳಗೆ, ಯಹೂದಿಗಳ ಧರ್ಮಗ್ರಂಥವಾದ ತೋರಾದ ಪವಿತ್ರ ಸುರುಳಿಗಳನ್ನು ಇಡಲೆಂದು ಮಾಡಿದ ಮರದ ಮಂಟಪದ ಕೆತ್ತನೆ ಕಣ್ಣು ಸೆಳೆಯುತ್ತದೆ. ಸುರುಳಿಗಳಿಲ್ಲದ ಮಂಟಪವೆಂಬುದು ಸ್ವಲ್ಪ ಹೊತ್ತಿನ ಬಳಿಕವೇ ಮನಸ್ಸಿಗೆ ಬರುತ್ತದೆ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಹಡಿ. ಪ್ರಾರ್ಥನೆಯ ಕಟ್ಟೆ ಕೆಳಗೆ ನಡುವಿನಲ್ಲಿದ್ದರೆ, ವಿಶೇಷ ದಿನಗಳಲ್ಲಿ ತೋರಾ ಓದಲು ಮಹಡಿಯ ಮೇಲೆ ಇನ್ನೊಂದು ಕಟ್ಟೆಯಿದೆ. ಅದರ ಹಿಂದೆ ಮರದ ಜಾಲಂಧ್ರದ ಮರೆಯಲ್ಲಿ ಹೆಂಗಸರು ಕೂರುತ್ತಿದ್ದರು. ಕೇರಳದ ಸಿನಗಾಗ್‌ಗಳದೇ ವೈಶಿಷ್ಟ್ಯವಾದ ಈ ಏರ್ಪಾಟಿನಿಂದಾಗಿ, ಕೆಳಗಿದ್ದ ಗಂಡಸರಿಗಿಂತ ಹೆಂಗಸರೇ ಓದುವವನಿಗೆ ಹತ್ತಿರವಾಗುತ್ತಿದ್ದರು. ಮಲಯಾಳದಲ್ಲಿ ಹಾಡುಗಳನ್ನು ಕಟ್ಟಿ, ಕೈಬರಹದ ಪುಸ್ತಕಗಳಲ್ಲಿ ಉಳಿಸಿಕೊಂಡು ಬಂದವರೂ ಈ ಸಮುದಾಯದ ಹೆಂಗಸರೇ ಎಂಬುದನ್ನು ತಿಳಿದು ಆ ಜಾಲಂಧ್ರವನ್ನು ನೋಡಿದರೆ ಅದು ಬರಿಯ ಮರೆಯಾಗಿ ಕಾಣುವುದಿಲ್ಲ.

1950ರ ದಶಕದಲ್ಲಿ ಇಲ್ಲಿಯ ಯಹೂದಿಗಳು ಇಸ್ರೇಲಿಗೆ ತೆರಳಿದ ಮೇಲೆ ಕಟ್ಟಡ ಪಾಳುಬಿದ್ದಿತ್ತು. ರಾಜ್ಯದ ಪುರಾತತ್ತ್ವ ಇಲಾಖೆ ಅದನ್ನು ಜೀರ್ಣೋದ್ಧಾರ ಮಾಡಿತು. ಸಮುದಾಯದ ಕಥೆಯನ್ನು ಹೇಳುವ ಪ್ರದರ್ಶನ 2006ರಲ್ಲಿ ತೆರೆಯಿತು. ಕೊಚ್ಚಿಯ ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಕಥೆ ಬೇರೆ: ಅದರ ಒಳಾಂಗಣ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಸುರಕ್ಷಿತವಾಗಿದೆ, ಊರಲ್ಲಿ ಉಳಿದ ಕಟ್ಟಡ 2019ರ ಮಳೆಗೆ ಭಾಗಶಃ ಕುಸಿಯಿತು. ಸಮುದಾಯವೇ ಇಲ್ಲದ ಊರಲ್ಲಿ ಮಂದಿರವನ್ನು ಕಾಯುವುದು ಖರ್ಚಿನ ಕೆಲಸ ನಿಜ. ಆದರೂ ಇದೇ ಮಣ್ಣಿನಲ್ಲಿ ನಿಂತಿರುವುದರಿಂದಲೇ ಚೇಂದಮಂಗಲಂನ ಮಂದಿರ ನನಗೆ ಮೆಚ್ಚುಗೆಯಾಯಿತು.

ನಮ್ಮ ಪ್ರವಾಸದ ಏರ್ಪಾಟುದಾರರು ಇಲ್ಲಿಗೆ ಕೊಟ್ಟದ್ದು ಕಾಲು ಗಂಟೆ, ಬಟ್ಟೆ ಅಂಗಡಿಗೆ ಒಂದು ಗಂಟೆ. ಸ್ವಂತವಾಗಿ ಹೋಗುವವರು ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಂಡು, ಮಹಡಿಯನ್ನು ನೋಡಿದ ಬಳಿಕ ಪರವೂರಿನ ಸಿನಗಾಗ್‌ಗೆ ಹೊರಡುವುದು ಒಳ್ಳೆಯದು.