"ನಿಮ್ಮ ಕರ್ಲ್ಸ್‌ಗಾಗಿಯೇ ಜೋಡಿಸಿದ ಕಿಟ್" ಅಂದರೆ ನಂಬಬೇಡಿ: ಗುಂಗುರು ಕೂದಲಿನವರಿಗೆ ಒಂದು ಎಚ್ಚರಿಕೆ

ಶಾಂಪೂ, ಲೀವ್-ಇನ್ ಕಂಡೀಷನರ್ (ಹಚ್ಚಿ ತೊಳೆಯದೆ ಹಾಗೇ ಬಿಡೋದು), ಕರ್ಲ್ ಕ್ರೀಮ್, ಜೆಲ್. ನಾಲ್ಕನ್ನೂ ಒಂದೇ ಡಬ್ಬದಲ್ಲಿ ಹಾಕಿ, "ಇದು ನಿಮ್ಮ ಕೂದಲಿಗೆ ಅಂತಲೇ ಜೋಡಿಸಿದ ಕಾಂಬಿನೇಷನ್" ಅಂತ ಮಾರೋರಿದ್ದಾರಲ್ಲ, ಅಂಥವರ ಬಗ್ಗೆ ಬರೀತಿದ್ದೀನಿ. ನಾನು ಕೊಂಡ ಕಿಟ್‌ನ ಕಂಪನಿಯ ಹೆಸರು ಹಾಕ್ತಿಲ್ಲ. ಇದೇ ಆಟ ಆಡೋರು ಬೇಕಾದಷ್ಟಿದ್ದಾರೆ, ಒಬ್ಬರ ಹೆಸರು ಹೇಳಿದರೆ ಉಳಿದವರು ಸಾಚಾ ಅಂದುಕೊಂಡುಬಿಡ್ತೀರಿ.

ಬಿಡಿಬಿಡಿಯಾಗಿ ಕೊಳ್ಳೋದಕ್ಕಿಂತ ಕಿಟ್‌ಗೆ ಜಾಸ್ತಿ ದುಡ್ಡು ಕೊಡೋದು ಯಾಕೆ? ಯಾವುದರ ಮೇಲೆ ಯಾವುದು ಹಾಕಿದರೆ ಆಗಿಬರುತ್ತೆ ಅನ್ನೋ ತಲೆನೋವು ಅವರದಾಗಲಿ ಅಂತ. ಗುಂಗುರು ಕೂದಲಿರೋ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೇ ಜೆಲ್, ಒಳ್ಳೇ ಲೀವ್-ಇನ್, ಎರಡೂ ಬೇರೆಬೇರೆಯಾಗಿ ಚೆನ್ನಾಗಿರುತ್ತೆ, ಒಟ್ಟಿಗೆ ಹಾಕಿದರೆ ರಾದ್ಧಾಂತ. ಆ ಒಂದು ಕೆಲಸಕ್ಕೇ ಕಿಟ್‌ಗೆ ದುಡ್ಡು. ಆ ಒಂದು ಕೆಲಸವನ್ನೇ ಇವರು ಮಾಡಿಲ್ಲ!

ಅವರ ಲೀವ್-ಇನ್ ಮೇಲೆ ಅವರದೇ ಜೆಲ್ ಹಾಕಿ ನೋಡಿ. ಮೊದಲು ಬೆರಳಿಗೆ ಜಾರೋ ಬದಲು ಸಣ್ಣಸಣ್ಣ ಉಂಡೆ ಸಿಗುತ್ತೆ. ಕೂದಲು ಒಣಗಿದ ಮೇಲೆ ಎಳೆಯುದ್ದಕ್ಕೂ ಬಿಳಿ ಪುಡಿ. ಕಪ್ಪು ಬಟ್ಟೆ ಹಾಕ್ಕೊಂಡು ಹೊರಗೆ ಹೋದರೆ ಭುಜದ ಮೇಲೆಲ್ಲ ಅದೇ. ಕಂಡೋರೆಲ್ಲ ಕನಿಕರದಿಂದ ಹೊಟ್ಟಿನ ಶಾಂಪೂ ಹೆಸರು ಹೇಳ್ತಾರೆ. ಅದು ಹೊಟ್ಟಲ್ಲ ಅಂತ ಎಷ್ಟು ಜನಕ್ಕೆ ಅಂತ ವಿವರಿಸೋದು? ಹೊಟ್ಟು ನೆತ್ತಿಯ ಚರ್ಮದಿಂದ ಏಳುತ್ತೆ, ಬೈತಲೆ ತೆಗೆದು ನೋಡಿದರೆ ಬುಡದಲ್ಲೇ ಕಾಣುತ್ತೆ. ಇದು ಕೂದಲಿನ ನಡುವಲ್ಲಿ, ತುದಿಯಲ್ಲಿ ಅಂಟಿಕೊಂಡಿರುತ್ತೆ. ಒಂದು ಎಳೆ ಹಿಡಿದು ಎರಡು ಉಗುರಿನ ನಡುವೆ ಎಳೆದರೆ ಪುಡಿಯಾಗಿ ಜಾರಿ ಬರುತ್ತೆ, ಬುಡದಲ್ಲಿ ಏನೂ ಇರಲ್ಲ. ಇಷ್ಟು ಗೊತ್ತಿದ್ದರೆ ಸುಮ್ಮನೆ ಹೊಟ್ಟಿನ ಔಷಧಿಗೆ ಮತ್ತೊಂದಿಷ್ಟು ಸುರಿಯೋದು ತಪ್ಪುತ್ತೆ.

ಅಂಗೈ ಮೇಲೆ ನೋಡಿದರೆ ಇನ್ನೂ ಸ್ಪಷ್ಟ. ಬಟಾಣಿ ಗಾತ್ರದ ಲೀವ್-ಇನ್, ಪಕ್ಕದಲ್ಲಿ ಅಷ್ಟೇ ಜೆಲ್, ಮೇಲೆ ನಾಲ್ಕು ಹನಿ ನೀರು. ನೀರು ಬೇಕೇ ಬೇಕು, ಒದ್ದೆ ಕೂದಲಿಗೆ ತಾನೇ ಹಾಕೋದು. ಒಂದು ಬೆರಳಿನಿಂದ ನಿಧಾನವಾಗಿ ಕಲಸಿ. ಹೊಂದೋ ಜೋಡಿಯಾದರೆ ನುಣ್ಣಗೆ ಒಂದೇ ಲೋಷನ್ ಆಗುತ್ತೆ. ಈ ಕಿಟ್‌ನದ್ದು ಒಡೆದ ಹಾಲಿನ ಹಾಗೆ ಆಯಿತು. ಒಂದು ಕಡೆ ತೆಳ್ಳಗೆ ನೀರು, ಅದರಲ್ಲಿ ತೇಲೋ ಬಿಳಿ ಚೂರು. ಉಜ್ಜಿದಷ್ಟೂ ಚೂರು ಸುತ್ತಿಕೊಂಡು ಎಳೆ ಎಳೆ ಆಗುತ್ತೆ, ಕರಗಲ್ಲ.

ಇದರಲ್ಲಿ ಮಾಯಮಂತ್ರ ಏನಿಲ್ಲ. ಕಂಡೀಷನರ್‌ನಲ್ಲಿ ಕೆಲಸ ಮಾಡೋ ವಸ್ತುಗಳಿಗೆ ಪಾಸಿಟಿವ್ ಚಾರ್ಜ್ ಇರುತ್ತೆ. ಬಾಟಲಿ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಬೆಹೆಂಟ್ರೈಮೋನಿಯಮ್ ಕ್ಲೋರೈಡ್, ಸೆಟ್ರೈಮೋನಿಯಮ್ ಕ್ಲೋರೈಡ್, ಬೆಹೆಂಟ್ರೈಮೋನಿಯಮ್ ಮೆಥೋಸಲ್ಫೇಟ್ ಅಂತ ಕಾಣೋದು ಅವೇ. ಸವೆದ ಕೂದಲಿನ ಮೇಲ್ಮೈ ನೆಗೆಟಿವ್, ಅದಕ್ಕೇ ಅವು ಕೂದಲಿಗೆ ಅಂಟೋದು. ಜೆಲ್ ದಪ್ಪ ಬರೋಕೆ ತುಂಬಾ ಕಡೆ ಬಳಸೋದು ಕಾರ್ಬೊಮರ್. ಅದೂ ನೆಗೆಟಿವ್. ಎರಡೂ ಎದುರಾದರೆ ಕೂದಲನ್ನ ಬಿಟ್ಟು ಒಂದಕ್ಕೊಂದು ತಬ್ಬಿಕೊಂಡು ನೀರಿನಿಂದ ಬೇರ್ಪಟ್ಟು ಚೂರಾಗುತ್ತೆ. ಇದರ ಮೇಲೆ ಇನ್ನೊಂದಿದೆ. ಕಾರ್ಬೊಮರ್ ದಪ್ಪ ನಿಲ್ಲೋದು ಅದಕ್ಕೆ ಟ್ರೈಎಥನಾಲಮೈನ್, ಅಮೈನೊಮೀಥೈಲ್ ಪ್ರೊಪನಾಲ್ ಅಥವಾ ಸೋಡಿಯಮ್ ಹೈಡ್ರಾಕ್ಸೈಡ್‌ನಂಥದ್ದು ಹಾಕಿ ಆಮ್ಲ ತೆಗೆದಾಗ. ಕಂಡೀಷನರ್ ಸಾಮಾನ್ಯವಾಗಿ ಹುಳಿ ಕಡೆಗೇ ಇರುತ್ತೆ, ಅದು ಸೇರಿದ ಕೂಡಲೇ ಜೆಲ್‌ನ ದಪ್ಪವೂ ಸಡಿಲ. ಉಪ್ಪಿನಂಶ ಜಾಸ್ತಿ ಇರೋದು ಸೇರಿದರೂ ಅದೇ ಕಥೆ. ಜೆಲ್ ಮಾಡೋರಿಗೆ ಇದು ಗೊತ್ತಿಲ್ಲ ಅಂದರೆ ನಂಬೋರ್ಯಾರು?

ಇಷ್ಟನ್ನೂ ಫೋಟೋ ಸಮೇತ ಕಂಪನಿಗೆ ಬರೆದು ಕಳಿಸಿದ್ದಕ್ಕೆ ಬಂದ ಉತ್ತರಗಳನ್ನ ನೋಡಿ.

ಮೊದಲನೆಯದು: "ನಿಮ್ಮ ಕೂದಲು ಈಗ ಡಿಟಾಕ್ಸ್ ಆಗ್ತಿದೆ, ಇದು ಟ್ರಾನ್ಸಿಷನ್ ಪೀರಿಯಡ್, ದಯವಿಟ್ಟು ತಾಳ್ಮೆಯಿಂದಿರಿ." ಕೊನೆಗೊಂದು ಹಳದಿ ಹೃದಯ. ನೆತ್ತಿಯಿಂದ ಹೊರಗೆ ಬಂದ ಕೂದಲು ಸತ್ತ ಕೆರಾಟಿನ್. ಅದು ಏನನ್ನೂ ಹೊರಗೆ ಹಾಕಲ್ಲ, ಯಾವ ಡಿಟಾಕ್ಸೂ ಆಗಲ್ಲ. ಹಳೇ ಸಿಲಿಕೋನ್ (ಕೂದಲಿಗೆ ನುಣುಪು, ಹೊಳಪು ಕೊಡೋ ಲೇಪ) ಪದರ ಇದ್ದರೆ ಸಾಮಾನ್ಯವಾಗಿ ಒಂದು ಕ್ಲಾರಿಫೈಯಿಂಗ್ ಶಾಂಪೂವಿಗೆ, ಅಂದರೆ ಅಂಟಿದ ಪದರ ತೆಗೆಯೋ ಶಾಂಪೂವಿಗೆ ಹೋಗುತ್ತೆ, ತಿಂಗಳುಗಟ್ಟಲೆ ತಾಳ್ಮೆ ಬೇಕಾಗಿಲ್ಲ.

ಆಮೇಲೆ: "ಪ್ರಾಡಕ್ಟ್ ಜಾಸ್ತಿ ಹಾಕಿದ್ದೀರಿ." ಅದೇ ಸಂಭಾಷಣೆಯಲ್ಲಿ, ಬೇರೆ ಯಾರೋ ಕೂತ ಮೇಲೆ: "ಪ್ರಾಡಕ್ಟ್ ಸಾಲದು, ಇನ್ನೂ ಧಾರಾಳವಾಗಿ ಹಾಕಿ." ಮೇಲಿನ ಸಾಲನ್ನಾದರೂ ಓದಬಾರದಾ?

ಅಂಗೈಯ ಫೋಟೋಗೆ ಬಂದ ಉತ್ತರ ಇನ್ನೂ ಚೆನ್ನಾಗಿದೆ: "ನಮ್ಮಲ್ಲಿ ಕೆಮಿಕಲ್ ಇಲ್ಲ, ನೈಸರ್ಗಿಕ ಪದಾರ್ಥಗಳು ಹೀಗೆ ಬೇರ್ಪಡೋದು ಸಹಜ." ಬೇರ್ಪಟ್ಟದ್ದು ಅವರ ಜೆಲ್‌ನ ಕಾರ್ಬೊಮರ್. ಅಕ್ರಿಲಿಕ್ ಆಸಿಡ್‌ನಿಂದ ಕಾರ್ಖಾನೆಯಲ್ಲಿ ಮಾಡೋ ಪಾಲಿಮರ್ ಅದು. ಅದರಲ್ಲಿ ತಪ್ಪೇನಿಲ್ಲ, ಒಳ್ಳೇ ವಸ್ತುವೇ. ಆದರೆ ನೈಸರ್ಗಿಕ ಅಂತ ಮುಖದ ಮೇಲೆ ಹೇಳೋಕೆ ಧೈರ್ಯ ಬೇಕು.

ವಾಪಸ್ ತಗೊಳ್ಳಿ ಅಂದರೆ "ಸೀಲ್ ಒಡೆದಿದೆ, ಆಗಲ್ಲ." ಸೀಲ್ ಒಡೆಯದೆ ಅಂಗೈ ಮೇಲೆ ಹಾಕಿ ನೋಡೋದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಬದಲಿಗೆ, "ನಿಮ್ಮದು ಹೈ ಪೊರಾಸಿಟಿ (ಅಂದರೆ ನೀರು ಬೇಗ ಹೀರೋ ಕೂದಲು) ಇರಬೇಕು, ನಮ್ಮ ಬ್ಯಾಲೆನ್ಸಿಂಗ್ ಸೀರಮ್ ಸೇರಿಸಿದರೆ ಸರಿಹೋಗುತ್ತೆ, ನಿಮಗಾಗಿ ವಿಶೇಷ ರಿಯಾಯಿತಿ." ಆಗದ ಎರಡನ್ನ ಮಾರಿದ್ದಕ್ಕೆ ಪರಿಹಾರ ಮೂರನೆಯದ್ದನ್ನ ಮಾರೋದು!

ಇದೆಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಆ ಕ್ವಿಜ್‌ನಿಂದ. ಕಿಟ್ ಕೊಳ್ಳೋ ಮೊದಲು ಉದ್ದುದ್ದ ಪ್ರಶ್ನೆಪಟ್ಟಿ ತುಂಬಿಸ್ತಾರೆ. ಎಳೆ ತೆಳುವೋ ದಪ್ಪವೋ, ಗುಂಗುರಿನ ಬಗೆ 2ಬಿ ಯೋ 3ಎ ಯೋ, ನೆತ್ತಿ ಒಣಗೋದಾ ಜಿಡ್ಡಾ, ಬಣ್ಣ ಹಾಕಿದ್ದೀರಾ, ಗಾಳಿಯಲ್ಲಿ ತೇವ ಎಷ್ಟು, ಲೋಟದ ನೀರಲ್ಲಿ ಕೂದಲು ತೇಲಿತಾ ಮುಳುಗಿತಾ. ಪೊರಾಸಿಟಿ ತಿಳಿಯೋಕೆ ಅಂತ ಮಾಡಿಸೋ ತೇಲೋ ಮುಳುಗೋ ಆ ಪರೀಕ್ಷೆಯೇ ನಂಬೋ ಹಾಗಿಲ್ಲ ಅನ್ನೋದು ಬೇರೆ ಮಾತು. ಜಿಡ್ಡಿದ್ದರೂ ತೇಲುತ್ತೆ, ನೀರಿನ ಮೇಲ್ಮೈ ಸೆಳೆತಕ್ಕೂ ತೇಲುತ್ತೆ. ಕೊನೆಗೆ ಪರದೆ ಮೇಲೆ ಚಕ್ರ ಸುತ್ತುತ್ತೆ, "ನಿಮ್ಮ ಫಾರ್ಮುಲಾ ಸಿದ್ಧವಾಗ್ತಿದೆ" ಅಂತ. ಅನುಮಾನ ಬಂದು, ಜಗಳದ ಮಧ್ಯದಲ್ಲೇ ಅದೇ ಕ್ವಿಜ್‌ಗೆ ಎಲ್ಲಾ ಉತ್ತರ ಉಲ್ಟಾ ಕೊಟ್ಟು ನೋಡಿದೆ. ಅಲೆ ಅಲೆ ಮಾತ್ರ ಇರೋ ಕೂದಲು, ತೆಳು ಎಳೆ, ಜಿಡ್ಡು ನೆತ್ತಿ, ಕಿವಿಯವರೆಗಿನ ಉದ್ದ. ಚಕ್ರ ಸುತ್ತಿತು. ಬಂದದ್ದು ಅವೇ ನಾಲ್ಕು ಬಾಟಲಿ! ಮೇಲೆ ಅಂಟಿಸೋ ಚೀಟಿಯ ಬಣ್ಣ ಮಾತ್ರ ಬೇರೆ, "ನಿಮಗಾಗಿ ಮಾತ್ರ" ಅನ್ನೋ ಸಾಲು ಹಾಗೇ ಇತ್ತು. ಆ ಸಾಲು ಓದಿದಾಗ ಆದ ಅವಮಾನ ಇದೆಯಲ್ಲ, ಹೊಟ್ಟಿನ ಮಾತು ಕೇಳಿದ್ದೂ ಅದರ ಮುಂದೆ ಏನಲ್ಲ. ಇದನ್ನ ಸ್ಕ್ರೀನ್‌ಶಾಟ್ ಕಳಿಸಿದ್ದಕ್ಕೆ ಉತ್ತರ: "ನಮ್ಮ ಫಾರ್ಮುಲಾ ಎಲ್ಲಾ ಬಗೆಯ ಕೂದಲಿಗೂ ಹೊಂದುತ್ತೆ." ಹಾಗಾದರೆ ಕೇಳಿದ್ದು ಯಾಕೆ ಮಾರಾಯರೇ?

ಇನ್ನೊಂದು. ಲೀವ್-ಇನ್ ಬಾಟಲಿ, ಕರ್ಲ್ ಕ್ರೀಮ್ ಡಬ್ಬಿ ಎರಡನ್ನೂ ಅಕ್ಕಪಕ್ಕ ಇಟ್ಟು ಹಿಂಬದಿಯ ಪಟ್ಟಿ ಓದಿ. ನೀರು, ಸೆಟಿಯರಿಲ್ ಆಲ್ಕೋಹಾಲ್, ಬೆಹೆಂಟ್ರೈಮೋನಿಯಮ್ ಕ್ಲೋರೈಡ್, ಗ್ಲಿಸರಿನ್, ಕೊಬ್ಬರಿ ಎಣ್ಣೆ, ಫೀನಾಕ್ಸಿಎಥನಾಲ್. ಎರಡರಲ್ಲೂ ಅದೇ ಹೆಸರು, ಅದೇ ಅನುಕ್ರಮ. ಸುವಾಸನೆ ಬೇರೆ, ಕ್ರೀಮ್ ಕೊಂಚ ಗಟ್ಟಿ, ಅಷ್ಟೇ. ಒಂದೇ ವಸ್ತುವನ್ನ ಎರಡು ಹೆಜ್ಜೆ ಅಂತ ಮಾರಿದ್ದಾರೆ. ಎರಡೂ ಹಾಕಿದರೆ ಜೆಲ್‌ಗೆ ಎದುರಾಗೋ ಕಂಡೀಷನರ್ ದುಪ್ಪಟ್ಟು, ಬಿಳಿ ಪುಡಿಯೂ ಜಾಸ್ತಿ.

ಕೊಳ್ಳೋ ಮುಂಚೆ ಪೂರ್ತಿ ಪಟ್ಟಿ ಕೇಳಿ. ಎಲೆ, ಹೂವಿನ ಚಿತ್ರದ ಕೆಳಗೆ "ಪ್ರಮುಖ ಪದಾರ್ಥಗಳು" ಅಂತ ಮೂರು ಹೆಸರು ಮಾತ್ರ ಹಾಕಿದ್ದರೆ ಅಲ್ಲಿಗೇ ಬಿಡಿ. ಪಟ್ಟಿಯಲ್ಲಿ ಹೆಚ್ಚಿರೋದು ಮೊದಲು ಬರುತ್ತೆ, ಹಾಗಾಗಿ ಪಟ್ಟಿ ಸಿಕ್ಕರೆ ಫೀನಾಕ್ಸಿಎಥನಾಲ್ ಎಲ್ಲಿದೆ ನೋಡಿ. ಅದು ಕೆಡದಂತೆ ಕಾಯೋ ವಸ್ತು, ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಹೆಚ್ಚು ಹಾಕಲ್ಲ. ಹಾಗಾಗಿ ಅದರ ನಂತರ ಬರೋದೆಲ್ಲ ಹೆಚ್ಚೂಕಡಿಮೆ 1ರ ಒಳಗೇ. ಶೇಕಡಾ 1ಕ್ಕಿಂತ ಕಡಿಮೆ ಇರೋದನ್ನ ಯಾವ ಅನುಕ್ರಮದಲ್ಲಾದರೂ ಬರೆಯಬಹುದು. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಆರ್ಗಾನ್ ಎಣ್ಣೆ, ರೇಷ್ಮೆ ಪ್ರೋಟೀನ್ ಆ ಸಾಲಿನ ಹಿಂದೆ ಅವಿತಿದ್ದರೆ ಅರ್ಥ ಮಾಡ್ಕೊಳ್ಳಿ. "ಸಲ್ಫೇಟ್ ಫ್ರೀ, ಅತಿ ಮೃದು" ಅಂದ ಅವರ ಶಾಂಪೂವಿನಲ್ಲಿ ನೀರಿನ ನಂತರ ಬರೋದು ಸೋಡಿಯಮ್ ಸಿ14-16 ಓಲೆಫಿನ್ ಸಲ್ಫೋನೇಟ್. ಅಕ್ಷರಶಃ ಸಲ್ಫೇಟ್ ಅಲ್ಲ, ನಿಜ. ಆದರೆ ಜಿಡ್ಡು ತೆಗೆಯೋದರಲ್ಲಿ ಅದೇನೂ ಮೃದು ಅಲ್ಲ.

ಈಗ ಜೋಡಿ ಹುಡುಕೋದು ಹೇಗೆ. ಲೀವ್-ಇನ್ ಹಾಕಲೇಬೇಕು ಅನ್ನೋರು ಕಾರ್ಬೊಮರ್, ಅಕ್ರಿಲೇಟ್ಸ್ ಅಂತ ಇರೋ ಜೆಲ್ ಎದುರು ಹುಷಾರಾಗಿರಿ. ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್‌ನಿಂದ ದಪ್ಪ ಬಂದದ್ದು, ಹಿಡಿತಕ್ಕೆ ಪಿವಿಪಿ ಅಥವಾ ಪಾಲಿಕ್ವಾಟರ್ನಿಯಮ್ ಇರೋದು ಕಂಡೀಷನರ್ ಜೊತೆ ಸಾಮಾನ್ಯವಾಗಿ ಜಗಳ ಆಡಲ್ಲ. ಆದರೂ ಪಟ್ಟಿ ಓದಿದ ಮಾತ್ರಕ್ಕೆ ನಂಬಬೇಡಿ, ಅಂಗೈ ಪರೀಕ್ಷೆ ಮಾಡಿ. ಅಂಗೈಯಲ್ಲಿ ಪಾಸಾದದ್ದನ್ನ ಕಪ್ಪು ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಸವರಿ ಪೂರ್ತಿ ಒಣಗಿಸಿ ಉಗುರಿನಿಂದ ಕೆರೆಯಿರಿ. ಪಾರದರ್ಶಕ ಪೊರೆಯಾಗಿ ಎದ್ದರೆ ಸರಿ. ಬಿಳಿ ಪುಡಿಯಾದರೆ ಬೇಡ. ಕೆಲವು ಜೋಡಿ ಒದ್ದೆ ಇದ್ದಾಗ ಸಭ್ಯವಾಗಿದ್ದು ಒಣಗುವಾಗ ಕೈ ಕೊಡುತ್ತೆ.

ಆಮೇಲೆ ಅರ್ಧ ತಲೆ ಪರೀಕ್ಷೆ. ಎಡಕ್ಕೆ ಲೀವ್-ಇನ್ ಮತ್ತು ಜೆಲ್, ಬಲಕ್ಕೆ ಜೆಲ್ ಮಾತ್ರ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಕಳ್ಳ ಯಾರು ಅಂತ ಗೊತ್ತಾಗಲ್ಲ. ಭುಜದುದ್ದದ ಕೂದಲಿಗೆ ಒಂದು ನಾಣ್ಯದಷ್ಟು ಲೀವ್-ಇನ್ ಸಾಕು, ಜೆಲ್ ಅದರ ಎರಡರಷ್ಟು. ನೀರು ತೊಟ್ಟಿಕ್ಕುತ್ತಿರುವಾಗಲೇ ಎರಡನ್ನೂ ಹಾಕಿ, ಕೆಳಗಿನಿಂದ ಮೇಲಕ್ಕೆ ಹಿಡಿದು ಹಿಂಡಿದಾಗ ಪಚಪಚ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ನೀರು ಹಾಕಿ, ಜೆಲ್ ಅಲ್ಲ. ಹತ್ತಿ ಟೀ-ಶರ್ಟ್‌ನಲ್ಲಿ 10ರಿಂದ 20 ನಿಮಿಷ ಸುತ್ತಿಟ್ಟು, ಆಮೇಲೆ ಹೇರ್ ಡ್ರೈಯರ್‌ಗೆ ಡಿಫ್ಯೂಸರ್ (ಗಾಳಿ ಹರಡೋ ಮೂತಿ) ಹಾಕಿ ಕಡಿಮೆ ಬಿಸಿಯಲ್ಲಿ ಒಣಗಿಸಿ. ಪೂರ್ತಿ ಒಣಗಿ ಗರಿಗರಿ ಆಗೋವರೆಗೂ ಮುಟ್ಟಬೇಡಿ. ಒಣಗಿದ ಮೇಲೆ ಎರಡು ಹನಿ ಎಣ್ಣೆ ಕೈಗೆ ಸವರಿಕೊಂಡು ಕೂದಲನ್ನ ಹಿಸುಕಿ ಆ ಗರಿಗರಿ ಪದರ ಒಡೆಯಿರಿ. ಎಣ್ಣೆಯನ್ನ ಜೆಲ್‌ಗಿಂತ ಮೊದಲು ಹಾಕಿದರೆ ಜೆಲ್ ಸರಿಯಾಗಿ ಹಿಡಿಯದೇ ಹೋಗಬಹುದು.

ತೆಳು ಎಳೆಯವರಿಗೆ ಕ್ರೀಮ್ ಬೇಡವೇ ಬೇಡ, ಗುಂಗುರು ಜೋತುಬೀಳುತ್ತೆ. ಕೂದಲು ಹುಲ್ಲಿನ ಥರ ಒರಟಾಗಿದ್ದರೆ ಹೈಡ್ರೊಲೈಸ್ಡ್ ಕೆರಾಟಿನ್, ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್ ನಿಮ್ಮ ಎಷ್ಟು ಬಾಟಲಿಯಲ್ಲಿದೆ ಎಣಿಸಿ, ಪ್ರೋಟೀನ್ ಜಾಸ್ತಿಯಾಗಿರಬಹುದು. ತೇವದ ಗಾಳಿಯಲ್ಲಿ ಉಬ್ಬಿ ಚದುರಿದರೆ ಗ್ಲಿಸರಿನ್ ಪಟ್ಟಿಯ ಮೇಲ್ಭಾಗದಲ್ಲಿರೋದನ್ನ ಬಿಡಿ. ಗಡಸು ನೀರಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂತು ಯಾವ ಜೋಡಿಯೂ ಮಂಕು, ಆಗಾಗ ಇಡಿಟಿಎ ಇರೋ ಕೀಲೇಟಿಂಗ್ ಶಾಂಪೂ, ಅಂದರೆ ಈ ಲವಣಗಳನ್ನ ಹಿಡಿದು ತೆಗೆಯೋ ಶಾಂಪೂ ಬೇಕು.

ಈಗಾಗಲೇ ಇಂಥ ಕಿಟ್ ಕೊಂಡವರು ಎಸೆಯಬೇಡಿ. ಲೀವ್-ಇನ್ನೂ ಕ್ರೀಮೂ ತೊಳೆಯೋ ಕಂಡೀಷನರ್ ಆಗಿ ಬಳಸಿ, ಚೆನ್ನಾಗಿ ತೊಳೆದುಬಿಡಿ, ಅದರ ಮೇಲೆ ಜೆಲ್ ಒಂದನ್ನೇ ಹಾಕಿ. ಪುಡಿ ಬಹುಮಟ್ಟಿಗೆ ನಿಲ್ಲುತ್ತೆ. ಆ ಬ್ಯಾಲೆನ್ಸಿಂಗ್ ಸೀರಮ್ ಮಾತ್ರ ಯಾವ ರಿಯಾಯಿತಿಗೂ ಕೊಳ್ಳಬೇಡಿ. ಕಿಟ್‌ನ ಮುಂದೆ ದಪ್ಪ ಅಕ್ಷರದಲ್ಲಿ "ಸಿಲಿಕೋನ್ ಫ್ರೀ" ಅಂತ ಬರೆದ ಅದೇ ಕಂಪನಿಯ ಸೀರಮ್ ಅದು, ಪಟ್ಟಿಯ ಮೊದಲ ಎರಡು ಹೆಸರು ಸೈಕ್ಲೊಪೆಂಟಾಸಿಲೊಕ್ಸೇನ್ ಮತ್ತು ಡೈಮಿಥಿಕೊನಾಲ್. ಎರಡೂ ಸಿಲಿಕೋನೇ. ಇದನ್ನೂ ಕೇಳಿದೆ. ಬಂದ ಉತ್ತರ: "ಸೀರಮ್ ಕಿಟ್‌ನ ಭಾಗವಲ್ಲ."